ಮಧ್ಯಾಹ್ನ ಎರಡೂವರೆಗೆ ‘ಶುಭೋದಯ’ ಅನ್ನುತ್ತಿದೆ ನಮ್ಮ ಆಫೀಸ್ ಫೋನು

ಹಿರಿಯೂರು ಪಂಪ್ · ಸೋಮವಾರ, ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ಹಿರಿಯೂರಿನಲ್ಲಿ ನಮ್ಮದೊಂದು ಸಣ್ಣ ಆಫೀಸು. ಸಬ್‌ಮರ್ಸಿಬಲ್ ಪಂಪು, ಸ್ಟಾರ್ಟರು, ಪ್ಯಾನೆಲ್ ಬೋರ್ಡ್ ರಿಪೇರಿ ಕೆಲಸ. ಎರಡು ಲ್ಯಾಂಡ್‌ಲೈನ್, ಐದು ಎಕ್ಸ್‌ಟೆನ್ಷನ್. ಮೊದಲು ಕರೆಗಳನ್ನ ಒಳಗಿನ ಫೋನುಗಳಿಗೆ ಹಂಚೋ ಹಳೇ ಇಪಿಎಬಿಎಕ್ಸ್ ಡಬ್ಬ ಇತ್ತು, ಸಿಡಿಲಿಗೆ ಹೋಯ್ತು. ಗೆಳೆಯನೊಬ್ಬ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಆಸ್ಟರಿಸ್ಕ್ (ಆ ಡಬ್ಬದ ಕೆಲಸ ಮಾಡೋ ಸಾಫ್ಟ್‌ವೇರ್), ಫ್ರೀಪಿಬಿಎಕ್ಸ್ (ಅದರ ಸೆಟ್ಟಿಂಗ್ ಮಾಡೋ ಪುಟಗಳು) ಹಾಕಿಕೊಟ್ಟು, ಲೈನುಗಳಿಗೆ ಎಫ್‌ಎಕ್ಸ್‌ಒ ಗೇಟ್‌ವೇ (ಲ್ಯಾಂಡ್‌ಲೈನನ್ನ ಅದಕ್ಕೆ ಜೋಡಿಸೋ ಡಬ್ಬ) ಕೂರಿಸಿ, ತಾನು ಕತಾರ್‌ಗೆ ಹೋದ. ಈಗ ನಾನೇ ಎಂಜಿನಿಯರು.

ಹೊತ್ತಿಗೆ ತಕ್ಕ ಸ್ವಾಗತ ಇರಲಿ ಅಂತ ತಂಗಿ ಕೈಲಿ ಮೂರು ರೆಕಾರ್ಡಿಂಗ್ ಮಾಡಿಸಿದೆ. ‘ಶುಭೋದಯ’, ‘ಶುಭ ಮಧ್ಯಾಹ್ನ’, ‘ಶುಭ ಸಂಜೆ’. ಮೂರಕ್ಕೂ ಒಂದೊಂದು ಟೈಮ್ ಗ್ರೂಪ್: 9ರಿಂದ 12, 12ರಿಂದ 4.30, 4.30ರಿಂದ 7. ಉಳಿದ ಹೊತ್ತಿಗೆ ‘ಕಚೇರಿ ಮುಚ್ಚಿದೆ’.

ಆಗ್ತಿರೋದು ಏನಪ್ಪಾ ಅಂದ್ರೆ, ಬೆಳಗ್ಗೆಯಿಡೀ ಯಾರು ಫೋನ್ ಮಾಡಿದ್ರೂ ಕಚೇರಿ ಮುಚ್ಚಿದೆ. ನಾವು ಊಟ ಮುಗಿಸಿ ಬಂದು ಕೂತ ಮೇಲೆ ಶುಭೋದಯ ಶುರು. ಇವತ್ತು ಮೂರು ಗಂಟೆಗೆ ಧರ್ಮಪುರದ ಗಿರಾಕಿಯೊಬ್ಬರು ‘ಈಗ ಎದ್ರಾ ಸ್ವಾಮಿ?’ ಅಂದ್ರು. ಟೇಬಲ್ ಮೇಲಿರೋ ಐಪಿ ಫೋನಿನ ಪರದೆಯಲ್ಲಿ ಟೈಮ್ ಸರಿಯಾಗೇ ಇದೆ. ಎಲ್ಲಿ ತಪ್ಪಿದ್ದೀನಿ?

ಡಯಲ್‌ಟೋನ್ · ಸೋಮವಾರ, ರಾತ್ರಿ 9.02

ಒಂದೇ ಪ್ರಶ್ನೆ. ಶುಭೋದಯ ಕರಾರುವಾಕ್ಕಾಗಿ ಎಷ್ಟು ಗಂಟೆಗೆ ಶುರುವಾಗುತ್ತೆ? ‘ಊಟ ಆದ ಮೇಲೆ’ ಅನ್ನೋದು ಟೈಮ್ ಅಲ್ಲ. ಮೊಬೈಲ್ ಹಿಡಿದು ಕೂತು ನಿಮಿಷ ನೋಡಿ ಹೇಳಿ.

ಹಿರಿಯೂರು ಪಂಪ್ · ಮಂಗಳವಾರ, ಮಧ್ಯಾಹ್ನ 2.41

ನಮ್ಮ ನಂಬರಿಗೆ ನಾನೇ ಮಾಡಿ ಮಾಡಿ ಸಾಕಾಯ್ತು. 2.29ಕ್ಕೆ ಮುಚ್ಚಿದೆ. 2.30ಕ್ಕೆ ಶುಭೋದಯ.

ಡಯಲ್‌ಟೋನ್ · ಮಂಗಳವಾರ, ಮಧ್ಯಾಹ್ನ 2.50

ಸಿಕ್ತು ಕಳ್ಳ. ನಿಮ್ಮ ಬೆಳಗಿನ ಗ್ರೂಪು 9ಕ್ಕೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ನೋಡಿ, ಎರಡೂವರೆ. ಪೈ ಯುಟಿಸಿಯಲ್ಲಿ, ಅಂದ್ರೆ ಜಗತ್ತಿಗೆಲ್ಲ ಆಧಾರವಾದ ಟೈಮಿನಲ್ಲಿ, ಓಡ್ತಿದೆ. ನಮ್ಮ ದೇಶದ ಟೈಮು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಈ ಅರ್ಧ ಗಂಟೆ ಬಾಲ ಇರೋದು ನಮಗೆ ಅನುಕೂಲವೇ. ಎಲ್ಲಾದರೂ ‘ಐದೂವರೆ’ ವ್ಯತ್ಯಾಸ ಕಂಡ್ರೆ ಮತ್ತೇನೂ ಹುಡುಕೋದು ಬೇಡ.

ಟೇಬಲ್ ಫೋನಿನ ಗಡಿಯಾರ ನಂಬಬೇಡಿ. ಅದಕ್ಕೆ ಅದರದ್ದೇ ಟೈಮ್ ಝೋನ್ ಸೆಟ್ಟಿಂಗ್ ಇರುತ್ತೆ, ಇಂಟರ್ನೆಟ್‌ನಿಂದ ತಾನೇ ಟೈಮ್ ತಗೊಳ್ಳುತ್ತೆ. ಸ್ವಾಗತ ಯಾವುದು ಅಂತ ತೀರ್ಮಾನ ಮಾಡೋದು ಸರ್ವರ್. ಫ್ರೀಪಿಬಿಎಕ್ಸ್‌ನಲ್ಲಿ ಟೈಮ್ ಗ್ರೂಪ್ ಪುಟ ತೆಗೆದ್ರೆ ಮೇಲೇ ‘ಸರ್ವರ್ ಟೈಮ್’ ಅಂತ ಕಾಣುತ್ತೆ, ಅದನ್ನ ಓದಿ. ಆಮೇಲೆ ಝೋನನ್ನ ಏಷ್ಯಾ/ಕೋಲ್ಕತಾಗೆ (ಇಡೀ ಭಾರತಕ್ಕೆ ಪಟ್ಟಿಯಲ್ಲಿರೋ ಹೆಸರು ಅದೇ) ಬದಲಿಸಿ, ಆಸ್ಟರಿಸ್ಕನ್ನ ಒಮ್ಮೆ ರೀಸ್ಟಾರ್ಟ್ ಮಾಡಿ. ಬರೀ ಝೋನ್ ಬದಲಿಸಿ ‘ಇನ್ನೂ ಸರಿಹೋಗಿಲ್ಲ’ ಅಂತ ಬರೋರು ವಾರಕ್ಕೊಬ್ಬರು ಸಿಗ್ತಾರೆ ನನಗೆ.

ಹಿರಿಯೂರು ಪಂಪ್ · ಮಂಗಳವಾರ, ಸಂಜೆ 5.15

ಸರಿಹೋಯ್ತು! ಬರೀ ಝೋನ್ ಬದಲಿಸಿದೆ, ಆಗಲಿಲ್ಲ, ರೀಸ್ಟಾರ್ಟ್ ಮಾಡಿದೆ, ಆಯ್ತು. (ಈ ವಾರದವನು ನಾನೇ.) ಶುಭ ಸಂಜೆ ಅಂತಿದೆ ಈಗ. ಬಹಳ ಥ್ಯಾಂಕ್ಸ್.

ಹಳೇ ಆಪರೇಟರ್ · ಮಂಗಳವಾರ, ಸಂಜೆ 6.30

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಗಡಿಯಾರ ಸರಿಮಾಡಿಕೊಂಡಿರಿ, ಸಂತೋಷ. ಆದರೆ ‘ಶುಭ ಮಧ್ಯಾಹ್ನ’ ಅಂತ ನಿಮ್ಮೂರಲ್ಲಿ ಯಾರು ಯಾರಿಗೆ ಹೇಳ್ತಾರೆ? ನಾನು ಊರಿಂದೂರಿಗೆ ಕರೆ ಜೋಡಿಸೋ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂತವಳು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್ ಬುಕ್ ಮಾಡೋ ಕಾಲ. ಇಂಗ್ಲಿಷಿನವರಿಗೆ ಗುಡ್ ಮಾರ್ನಿಂಗ್ ಅಂತಿದ್ವಿ. ಕನ್ನಡದವರಿಗೆ ನಮಸ್ಕಾರ, ಹೇಳಿ. ಬೆಳಗ್ಗೆ ಆರಕ್ಕೂ ಅದೇ, ರಾತ್ರಿ ಎರಡಕ್ಕೂ ಅದೇ. ಆ ಪದಕ್ಕೆ ಗಡಿಯಾರ ಬೇಕಿಲ್ಲ.

ಹುಬ್ಳಿ ಹುಡುಗ · ಮಂಗಳವಾರ, ಸಂಜೆ 7.04

ಅಕ್ಕಾರು ಖರೇ ಹೇಳ್ಯಾರ. ಕನ್ನಡದಾಗ ಹೊತ್ತಿನ ಮ್ಯಾಲೆ ಮಾತಾಡ್ಸೂದು ಅಂದ್ರ ‘ಚಾ ಆತೇನ್ರಿ?’, ‘ಊಟ ಆತೇನ್ರಿ?’. ಅದನ್ನ ರೆಕಾರ್ಡ್ ಮಾಡ್ರಿ ನೋಡೂಣು. ಒಂಬತ್ತರಿಂದ ಹನ್ನೊಂದು ನಾಷ್ಟಾ, ಒಂದರಿಂದ ಮೂರು ಊಟ, ನಾಕಕ್ಕ ಚಾ. ಟೈಮ್ ಗ್ರೂಪ್ ಸುದ್ಧಾ ತಯಾರ್ ಆತು.

ಕುಡ್ಲ ಕೇಬಲ್ · ಮಂಗಳವಾರ, ಸಂಜೆ 7.20

ನಮ್ಮಲ್ಲಾದರೆ ತುಳುವಿನಲ್ಲಿ ‘ವಣಸ್ ಆಂಡಾ?’ (ಊಟ ಆಯ್ತಾ?) ಅಂತ ಕೇಳಬೇಕಾದೀತು ಮಾರಾಯ್ರೆ. ಆಚೆಯವರು ‘ಆಯ್ತು, ನಿಮ್ಮದು?’ ಅಂತ ಕೇಳಿ ಉತ್ತರಕ್ಕೆ ಕಾಯ್ತಾರೆ. ರೆಕಾರ್ಡಿಂಗ್ ಕೇಳಿಸುವ ಯಂತ್ರ (ಐವಿಆರ್) ಹೆದರಿ ಲೈನ್ ಕಟ್ ಮಾಡ್ತದೆ.

ಡಯಲ್‌ಟೋನ್ · ಮಂಗಳವಾರ, ರಾತ್ರಿ 8.45

ನಗು ಆಮೇಲೆ. ‘ಶುಭೋದಯ’ಕ್ಕೆ ಇನ್ನೊಂದು ತೊಂದರೆ ಇದೆ, ಅದು ತಾಂತ್ರಿಕ. ಮಾಮೂಲಿ ಫೋನ್ ಲೈನಿನಲ್ಲಿ ಹಾಯೋ ದನಿ ಸುಮಾರು 300ರಿಂದ 3400 ಹರ್ಟ್ಸ್ ಅಷ್ಟೇ. ಶ, ಸ, ಷಗಳ ಸದ್ದಿನ ದೊಡ್ಡ ಪಾಲು ಅದಕ್ಕಿಂತ ಮೇಲೆ. ಹಾಗಾಗಿ ಆ ಕಡೆ ಕೇಳೋರಿಗೆ ‘ಶುಭ’ ಅನ್ನೋದು ಏನೋ ‘ಉಬ’ ಅಂದ ಹಾಗೆ. ಪದದ ಮೊದಲ ಅಕ್ಷರವೇ ಶ ಆದ್ರೆ, ಅದೂ ಕಾಲ್ ಕನೆಕ್ಟ್ ಆಗೋ ಕ್ಷಣದಲ್ಲೇ ಬಂದ್ರೆ, ಅರ್ಧ ನುಂಗಿಹೋಗಿರುತ್ತೆ. ರೆಕಾರ್ಡಿಂಗ್ ಶುರುವಿನಲ್ಲಿ ಅರ್ಧ ಸೆಕೆಂಡು ಮೌನ ಬಿಡಿ. ‘ನಮಸ್ಕಾರ’ದಲ್ಲಿ ನ, ಮ ಎರಡೂ ದುಂಡನೆಯ ಅಕ್ಷರ, ಎಂಥಾ ಕೆಟ್ಟ ಲೈನಿನಲ್ಲೂ ದಾಟುತ್ತೆ.

ಫೈಲ್ ಬಗ್ಗೆಯೂ ಹೇಳಿಬಿಡ್ತೀನಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನ ಹಾಗೇ ಎಸೆದ್ರೆ ಒಂದೋ ಓಡಲ್ಲ, ಓಡಿದ್ರೂ ಒಡೆದ ಮಡಿಕೆ ಸದ್ದು. 8 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಮಾಡಿ ಏರಿಸಿ. ಇಲ್ಲಾ ಅಂದ್ರೆ ಆಫೀಸ್ ಎಕ್ಸ್‌ಟೆನ್ಷನ್‌ನಿಂದಲೇ *77 ಒತ್ತಿ ರೆಕಾರ್ಡ್ ಮಾಡಿ, *99 ಒತ್ತಿ ಕೇಳಿ. ಗಿರಾಕಿ ಕೇಳೋ ದನಿ ಹೇಗಿರುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ಸ್ಟುಡಿಯೋಗೆ ದುಡ್ಡು ಸುರಿಯೋದು ದಂಡ.

ಮಲ್ಲಿಗೆ ಗಿಡ · ಬುಧವಾರ, ಬೆಳಗ್ಗೆ 10.12

ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ನಾನು ಮೈಸೂರಿನ ಒಂದು ಸಹಕಾರ ಸಂಘದ ಕಚೇರಿಯಲ್ಲಿದ್ದೇನೆ, ಫೋನ್ ವ್ಯವಸ್ಥೆ ನನ್ನ ತಲೆಗೇ ಕಟ್ಟಿದ್ದಾರೆ. ನಮಗೆ ಬ್ಯಾಂಕಿನ ಹಾಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಪ್ರತಿ ತಿಂಗಳು ನೆನಪಿಟ್ಟು ಕೈಯಲ್ಲಿ ದಿನಾಂಕ ಬದಲಿಸುತ್ತಿದ್ದೇನೆ. ಆಟೋಮ್ಯಾಟಿಕ್ ಆಗಿ ಆಗುವ ದಾರಿ ಇದೆಯಾ?

ಡಯಲ್‌ಟೋನ್ · ಬುಧವಾರ, ಬೆಳಗ್ಗೆ 10.40

ಇದೆ, ಚೆಂದದ ದಾರಿ. ಎರಡನೇ ಶನಿವಾರ ಯಾವ ತಿಂಗಳಲ್ಲಾದರೂ 8ರಿಂದ 14ನೇ ತಾರೀಖಿನೊಳಗೇ ಬೀಳಬೇಕು. ನಾಲ್ಕನೆಯದು 22ರಿಂದ 28ರೊಳಗೆ. ಟೈಮ್ ಗ್ರೂಪಿನಲ್ಲಿ ಒಂದು ಸಾಲು: ವಾರ ಶನಿಯಿಂದ ಶನಿ, ತಾರೀಖು 8ರಿಂದ 14, ತಿಂಗಳು ಖಾಲಿ. ಇನ್ನೊಂದು ಸಾಲು: ಶನಿಯಿಂದ ಶನಿ, 22ರಿಂದ 28. ಒಂದೇ ಸಾಲಿನೊಳಗಿನ ಷರತ್ತುಗಳು ಎಲ್ಲವೂ ಕೂಡಿಬರಬೇಕು, ಸಾಲು ಸಾಲುಗಳ ನಡುವೆ ಯಾವುದಾದರೊಂದು ಸಾಕು.

ಲಿನಕ್ಸ್‌ನ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಸಾಧನ) ಬಲ್ಲವರು ಇಲ್ಲಿ ಎಡವುತ್ತಾರೆ. ಕ್ರಾನ್‌ನಲ್ಲಿ ವಾರ, ತಾರೀಖು ಎರಡನ್ನೂ ಕೊಟ್ಟರೆ ಎರಡರಲ್ಲಿ ಒಂದು ಹೊಂದಿದರೂ ಓಡಿಬಿಡುತ್ತೆ. ಆಸ್ಟರಿಸ್ಕ್‌ನಲ್ಲಿ ಹಾಗಲ್ಲ, ಎರಡೂ ಹೊಂದಬೇಕು.

ಮಲ್ಲಿಗೆ ಗಿಡ · ಬುಧವಾರ, ಬೆಳಗ್ಗೆ 11.05

ಎರಡು ವರ್ಷದಿಂದ ಗೋಡೆ ಕ್ಯಾಲೆಂಡರ್ ನೋಡಿಕೊಂಡು ಕೂತಿದ್ದೆನಲ್ಲ!

ಹಬ್ಬದ ರಜೆ ಹಾಕುವವರಿಗೆ ನನ್ನ ಅನುಭವದ ಒಂದು ಎಚ್ಚರಿಕೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು. ‘ಯುಗಾದಿ ಹಬ್ಬದ ಶುಭಾಶಯಗಳು, ಇಂದು ಕಚೇರಿಗೆ ರಜೆ’ ಅಂತ ಚೆಂದವಾಗಿ ಹಾಕಿದೆ. ಮುಂದಿನ ವರ್ಷ ಯುಗಾದಿ ಮಾರ್ಚ್ 30, ಭಾನುವಾರ. ಹೇಗೂ ರಜೆಯೇ ಅಂತ ಆ ಕಡೆ ತಲೆ ಹಾಕಲಿಲ್ಲ. 2025ರ ಏಪ್ರಿಲ್ 9, ಬುಧವಾರ. ಕೌಂಟರ್ ಮುಂದೆ ಜನ, ಫೋನ್ ಮಾತ್ರ ಸದ್ದೇ ಇಲ್ಲ. ಮಧ್ಯಾಹ್ನ ಒಬ್ಬ ಸದಸ್ಯರು ಬಂದು ‘ಏನಮ್ಮಾ, ನಿಮ್ಮಲ್ಲಿ ವರ್ಷಕ್ಕೆ ಎರಡು ಯುಗಾದೀನಾ?’ ಅಂದಾಗ ಗೊತ್ತಾಯಿತು. ಟೈಮ್ ಗ್ರೂಪಿನಲ್ಲಿ ತಿಂಗಳು ಇದೆ, ತಾರೀಖು ಇದೆ, ಇಸವಿಯೇ ಇಲ್ಲ.

ಡಯಲ್‌ಟೋನ್ · ಬುಧವಾರ, ಬೆಳಗ್ಗೆ 11.30

ಎರಡು ಯುಗಾದಿ! ಹೌದು, ಇಸವಿ ಇಲ್ಲ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವಕ್ಕೆ ಟೈಮ್ ಗ್ರೂಪ್ ಸರಿ, ಒಮ್ಮೆ ಹಾಕಿದರೆ ಮುಗೀತು. ಪಂಚಾಂಗ ನೋಡಿ ಬರೋ ಹಬ್ಬಗಳಿಗೆ ಫ್ರೀಪಿಬಿಎಕ್ಸ್ 14ರಿಂದ ಬಂದಿರೋ ಕ್ಯಾಲೆಂಡರ್ ಮಾಡ್ಯೂಲ್ ಬಳಸಿ. ಅಲ್ಲಿ ಇಸವಿ ಸಮೇತ ದಿನ ಗುರುತು ಹಾಕಬಹುದು, ಟೈಮ್ ಕಂಡಿಷನ್ನಿಗೆ (ಹೊತ್ತು ನೋಡಿ ಕರೆ ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸೋ ನಿಯಮ) ಟೈಮ್ ಗ್ರೂಪಿನ ಬದಲು ಆ ಕ್ಯಾಲೆಂಡರನ್ನೇ ತೋರಿಸಬಹುದು.

ಸರಪಳಿಯ ಕ್ರಮ ಮರೀಬೇಡಿ. ಒಳಬರುವ ಕರೆ ಮೊದಲು ರಜೆಯ ಕಂಡಿಷನ್ನಿಗೆ, ಅದಲ್ಲದಿದ್ದರೆ ಕಚೇರಿ ವೇಳೆಯದಕ್ಕೆ, ಅದರ ಒಳಗೆ ಬೆಳಗ್ಗೆ ಸಂಜೆ ಇತ್ಯಾದಿ. ಉಲ್ಟಾ ಹಾಕಿದರೆ ರಜೆ ದಿನವೂ ‘ನಮ್ಮ ಪ್ರತಿನಿಧಿ ಈಗಲೇ ಮಾತನಾಡುತ್ತಾರೆ’ ಅಂದು ಖಾಲಿ ಕೋಣೆಯಲ್ಲಿ ರಿಂಗ್ ಆಗುತ್ತೆ.

ಎಡಿಸನ್ ಕನ್ನಡಿಗ · ಬುಧವಾರ, ರಾತ್ರಿ 8.15

ನ್ಯೂಜೆರ್ಸಿಯಿಂದ. ನಮ್ಮ ಸಪೋರ್ಟ್ ಆಫೀಸ್ ಬೆಂಗಳೂರಲ್ಲಿ, ಫೋನ್ ಮಾಡುವವರು ಇಲ್ಲಿನವರು. ಅಲ್ಲಿ ಸಂಜೆ ಏಳು ಅಂದ್ರೆ ಇಲ್ಲಿ ಬೆಳಗ್ಗೆ. ಶುರುವಿನಲ್ಲಿ ಸಿಸ್ಟಂ ಅಲ್ಲಿನ ಗಡಿಯಾರ ನೋಡಿ ಗುಡ್ ಈವ್ನಿಂಗ್ ಅನ್ನುತ್ತಿತ್ತು. ಕಾಫಿ ಕಪ್ ಹಿಡಿದ ಗಿರಾಕಿ ಅದನ್ನು ಕೇಳಿ, ಕರೆ ಯಾವ ದೇಶಕ್ಕೆ ಹೋಯಿತು ಅಂತ ಲೆಕ್ಕ ಹಾಕುತ್ತಾ ಕೂರುತ್ತಾನೆ.

ಟೈಮ್ ಕಂಡಿಷನ್ನಿನಲ್ಲೇ ಟೈಮ್ ಝೋನ್ ಆರಿಸುವ ಜಾಗ ಇದೆ, ಅಮೆರಿಕ/ನ್ಯೂಯಾರ್ಕ್ ಕೊಟ್ಟೆವು. ಐದೂವರೆ ಕೂಡಿಸಿದ ಹಾಗೆ ಒಂಬತ್ತೂವರೆ ಕಳೆದು ಬರೆದುಕೊಳ್ಳುವವರಿದ್ದಾರೆ, ಅದು ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲನೇ ಭಾನುವಾರದವರೆಗೆ ಮಾತ್ರ ಸರಿ. ಚಳಿಗಾಲದಲ್ಲಿ ಹತ್ತೂವರೆ. ಝೋನ್ ಹೆಸರು ಕೊಟ್ಟರೆ ಅದೇ ನೋಡಿಕೊಳ್ಳುತ್ತದೆ.

ಅಂದ ಹಾಗೆ ಅಪ್ಪನಿಗೆ ಫೋನ್ ಮಾಡಿದಾಗ ಮಾತು ಶುರುವಾಗುವುದೇ ‘ಅಲ್ಲಿ ಈಗ ಎಷ್ಟು ಗಂಟೆ?’ ಅಂತ. ಹನ್ನೆರಡು ವರ್ಷ ಆಯಿತು, ಇನ್ನೂ ಕೇಳುತ್ತಾರೆ.

ಹಿರಿಯೂರು ಪಂಪ್ · ಗುರುವಾರ, ರಾತ್ರಿ 9.30

ಮತ್ತೆ ನಾನೇ. ಇವತ್ತು ನಾಲ್ಕು ಗಂಟೆ ಸುಮಾರಿಗೆ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಸತ್ತಿದೆ, ಹೊಸದು ತರಿಸಿಲ್ಲ. ಆರಕ್ಕೆ ಬಂತು. ಆರೂಕಾಲಿಗೆ ಫೋನ್ ಮಾಡಿದವರಿಗೆ ‘ಶುಭ ಮಧ್ಯಾಹ್ನ’! ಝೋನ್ ನೋಡಿದೆ, ಕೋಲ್ಕತಾನೇ ಇದೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ತಾನೇ ಸರಿಹೋಗಿದೆ. ದೆವ್ವಗಿವ್ವ ಏನಾದ್ರೂ ಹೊಕ್ಕಿದೆಯಾ?

ಕುಡ್ಲ ಕೇಬಲ್ · ಗುರುವಾರ, ರಾತ್ರಿ 9.52

ದೆವ್ವ ಅಲ್ಲ, ಪೈ 4ರಲ್ಲಿ ಗಡಿಯಾರವೇ ಇಲ್ಲ. ಕಂಪ್ಯೂಟರಿನಲ್ಲಾದರೆ ಬೋರ್ಡಿನ ಮೇಲೆ ಒಂದು ನಾಣ್ಯದಷ್ಟು ಬ್ಯಾಟರಿ ಇರ್ತದೆ, ಕರೆಂಟ್ ಹೋದರೂ ಟಿಕ್ ಟಿಕ್ ಅಂತ ಇರ್ತದೆ. ಪೈಗೆ ಅದಿಲ್ಲ. ಅದು ಕೊನೆಗೆ ಬರೆದಿಟ್ಟುಕೊಂಡ ಹೊತ್ತನ್ನು ಹಿಡಿದು ಅಲ್ಲಿಂದ ಮುಂದೆ ಎಣಿಸ್ತದೆ, ಇಂಟರ್ನೆಟ್ ಸಿಕ್ಕಿದ ಮೇಲೆ ಸರಿಮಾಡಿಕೊಳ್ತದೆ. ನಿಮ್ಮದು ನಾಲ್ಕಕ್ಕೆ ಮಲಗಿ ಆರಕ್ಕೆ ಎದ್ದು ‘ಇನ್ನೂ ನಾಲ್ಕೇ’ ಅಂದುಕೊಂಡಿದೆ. ಫೈಬರ್ ಡಬ್ಬ ಏಳುವುದು ತಡ ಆಯಿತೋ ಏನೋ.

ಡಿಎಸ್3231 ಅಂತ ಒಂದು ಸಣ್ಣ ಗಡಿಯಾರದ ಮಾಡ್ಯೂಲ್ ಸಿಗ್ತದೆ, ಬ್ಯಾಟರಿ ಸಮೇತ. ಪೈಯ ಪಿನ್ನುಗಳಿಗೆ ಸಿಕ್ಕಿಸಿ, ಅದನ್ನು ಗುರುತಿಸಲಿಕ್ಕೆ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೀಬೇಕು. ಅದಕ್ಕಿಂತ ಮೊದಲು ಯುಪಿಎಸ್ ಬ್ಯಾಟರಿ ಹಾಕಿಸಿ ಮಾರಾಯ್ರೆ, ಪಂಪ್ ರಿಪೇರಿಯವರ ಮನೆಯಲ್ಲೇ ಕರೆಂಟಿಲ್ಲ ಅಂದ್ರೆ!

ಹಿರಿಯೂರು ಪಂಪ್ · ಗುರುವಾರ, ರಾತ್ರಿ 10.20

ಬೈಸ್ಕೊಳ್ಳೋ ಹಂಗೇ ಇದೆ, ಬೈಸ್ಕೊಂಡೆ. ನಾಳೆ ಎರಡೂ ತರಿಸ್ತೀನಿ.

ಕರೆಂಟಿನ ಮಾತು ಬಂದಿದ್ದಕ್ಕೆ ಕೇಳ್ತೀನಿ. ಹಳೇ ಆಪರೇಟರ್ ಅಮ್ಮ ಹೇಳಿದ್ದು ತಲೆಯಲ್ಲಿ ಕೊರೀತಾ ಇದೆ. ನಮ್ಮ ಗಿರಾಕಿಗಳಿಗೆ ಹೊತ್ತು ಅಂದ್ರೆ ಬೆಳಗ್ಗೆ ಸಂಜೆ ಅಲ್ಲ. ಹೊತ್ತು ಅಂದ್ರೆ ಪಂಪ್ ಓಡಿಸೋ ತ್ರೀ ಫೇಸ್ ಕರೆಂಟ್. ನಮ್ಮ ಕಡೆ ಹೊಲದ ಲೈನಿಗೆ ಪಾಳಿ ಮೇಲೆ ಕೊಡ್ತಾರೆ, ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ವಾರ ಹನ್ನೊಂದಕ್ಕೆ ಕರೆಂಟ್ ಬರುತ್ತೆ, ರೈತ ಟಾರ್ಚ್ ಹಿಡ್ಕೊಂಡು ಹೋಗಿ ಸ್ಟಾರ್ಟರ್ ಒತ್ತುತ್ತಾನೆ, ಟ್ರಿಪ್ ಆಗುತ್ತೆ. ಅವಾಗ ನಮಗೆ ಫೋನ್. ನಮ್ಮದು ‘ಕಚೇರಿ ಮುಚ್ಚಿದೆ, ಶುಭರಾತ್ರಿ’ ಅಂತಿದೆ. ಅಡಿಕೆ ತೋಟ ಒಣಗ್ತಿರೋನಿಗೆ ಶುಭರಾತ್ರಿ!

ಹಳೇ ಆಪರೇಟರ್ · ಶುಕ್ರವಾರ, ಬೆಳಗ್ಗೆ 7.15

ಅದನ್ನೇ ಹೇಳಲು ಹೊರಟಿದ್ದೆ, ನೀವೇ ಮುಟ್ಟಿದಿರಿ. ‘ಶುಭರಾತ್ರಿ’ ಅನ್ನೋದು ಕನ್ನಡದಲ್ಲಿ ಬಾಗಿಲು ಹಾಕಿಕೊಳ್ಳುವಾಗಿನ ಮಾತು. ಬಾಗಿಲು ತಟ್ಟಿದವರಿಗೆ ಅದನ್ನು ಹೇಳ್ತಾರಾ?

ನನ್ನ ಮಾತು ಕೇಳಿ. ಎಲ್ಲಾ ರೆಕಾರ್ಡಿಂಗಿನಲ್ಲೂ ಮೊದಲ ಪದ ನಮಸ್ಕಾರ. ಆಮೇಲೆ ಅಂಗಡಿ ಹೆಸರು. ಹೊತ್ತು ಬದಲಾದಂತೆ ಬದಲಾಗಬೇಕಾದ್ದು ಮೂರನೇ ವಾಕ್ಯ. ಬೆಳಗ್ಗೆಯಾದರೆ ‘ಇವತ್ತು ಸಂಜೆಯೊಳಗೆ ಮೆಕ್ಯಾನಿಕ್ ಬರ್ತಾರೆ’. ಊಟದ ಹೊತ್ತಾದರೆ ‘ಎರಡು ಗಂಟೆಗೆ ಸಿಗ್ತೀವಿ’. ರಾತ್ರಿಯಾದರೆ ‘ಊರ ಹೆಸರು, ನಿಮ್ಮ ಹೆಸರು ಹೇಳಿ’. ಕರೆ ಮಾಡಿದವರಿಗೆ ಗಡಿಯಾರ ಬೇಕಾಗಿರೋದು ಅಲ್ಲಿ. ಈಗ ಮಧ್ಯಾಹ್ನ ಅಂತ ಅವರಿಗೂ ಗೊತ್ತು.

ಹುಬ್ಳಿ ಹುಡುಗ · ಶುಕ್ರವಾರ, ಬೆಳಗ್ಗೆ 8.40

ಒಂದು ಮಾತು. ‘ನಾಳೆ ಮುಂಜಾನೆ ಹತ್ತಕ್ಕೆ’ ಅಂದ್ರ ನಮ್ ಕಡೆ ಎಲ್ಲಾರಿಗೂ ತಿಳೀತದ. ನಮ್ ಹುಬ್ಳಿ ಆಫೀಸಿನ ರೆಕಾರ್ಡಿಂಗನ್ನ ಬೆಂಗಳೂರಿನ ಬ್ರ್ಯಾಂಚಿಗೂ ಹಾಕಿದ್ವಿ. ಅಲ್ಲಿಯವ್ರು ನಕ್ರು. ಅವರಿಗೆ ಮುಂಜಾನೆ ಅಂದ್ರ ಕೋಳಿ ಕೂಗೂ ಹೊತ್ತು. ಹಳೇ ಮೈಸೂರು ಹಳ್ಳಿಯಾಂವ ‘ಹೊತ್ತಾರೆ’ ಅಂತಾನ. ‘ಬೆಳಗ್ಗೆ’ ಅಂದ್ಬಿಡ್ರಿ, ಯಾರ್ದೂ ತಕರಾರಿಲ್ಲ.

ಡಯಲ್‌ಟೋನ್ · ಶುಕ್ರವಾರ, ಬೆಳಗ್ಗೆ 9.20

ಪಾಳಿಯ ಸಮಸ್ಯೆಗೆ ಬರ್ತೀನಿ. ವಾರ ಬಿಟ್ಟು ವಾರ ಅನ್ನೋದು ಟೈಮ್ ಗ್ರೂಪಿಗೆ ಅರ್ಥ ಆಗಲ್ಲ. ಕ್ಯಾಲೆಂಡರ್‌ನಲ್ಲಿ ಹಾಕಬಹುದು, ಆದರೆ ಪಾಳಿ ಹೇಳದೆ ಕೇಳದೆ ಬದಲಾದ ದಿನ ಅದೂ ಸುಳ್ಳಾಗುತ್ತೆ. ಇಲ್ಲಿ ಯಂತ್ರಕ್ಕಿಂತ ಮನುಷ್ಯನ ಕೈ ವಾಸಿ. ಕಾಲ್ ಫ್ಲೋ ಕಂಟ್ರೋಲ್ ಅಂತ ಮಾಡ್ಯೂಲ್ ಇದೆ. ಒಂದು ಸ್ವಿಚ್ ಮಾಡಿಕೊಳ್ಳಿ, *281 ಅಂತ ಇಟ್ಟುಕೊಳ್ಳಿ. ಒತ್ತಿದ್ರೆ ರಾತ್ರಿ ಪಾಳಿ, ಮತ್ತೆ ಒತ್ತಿದ್ರೆ ಹಗಲು ಪಾಳಿ. ಐಪಿ ಫೋನಿನ ಒಂದು ಬಟನ್ನಿಗೆ ಇದನ್ನೇ ಕಟ್ಟಿದರೆ ದೀಪವೂ ಹತ್ತುತ್ತೆ, ಯಾವ ಪಾಳಿಯಲ್ಲಿದ್ದೀವಿ ಅಂತ ಬಣ್ಣ ನೋಡಿ ಹೇಳಬಹುದು.

ಆದರೆ ಈ ಸ್ವಿಚ್ ಹಾಕಿದವರೇ ತೆಗೀಬೇಕು, ತಾನಾಗಿ ಹಿಂದೆ ಬರಲ್ಲ. ಒಂದು ಕಡೆ ಬಂದ್ ದಿನ ‘ಇಂದು ರಜೆ’ ಒತ್ತಿ ಮನೆಗೆ ಹೋದವರು ಮರೆತರು, ಮೂರು ದಿನ ಬಂದ್ ಆಗೇ ಇತ್ತು. ಒಂದು ದಿನದ ಮಟ್ಟಿಗೆ ಬೇಕಿದ್ದರೆ *27ರಿಂದ ಶುರುವಾಗೋ ಟೈಮ್ ಕಂಡಿಷನ್ ಓವರ್‌ರೈಡ್ ಒಳ್ಳೇದು. ಅದರ ತಾತ್ಕಾಲಿಕ ಬದಲಾವಣೆ ಮುಂದಿನ ವೇಳೆ ಶುರುವಾದಾಗ ತಾನೇ ಅಳಿಸಿಹೋಗುತ್ತೆ.

ರಾತ್ರಿ ಪಾಳಿಯಲ್ಲಿ ಕರೆ ಮೆಕ್ಯಾನಿಕ್ ಮೊಬೈಲಿಗೆ ಹೋಗಬೇಕಾ? ರಿಂಗ್ ಗ್ರೂಪಿನಲ್ಲಿ (ಕರೆ ಬಂದಾಗ ರಿಂಗ್ ಆಗಬೇಕಾದ ನಂಬರುಗಳ ಪಟ್ಟಿ) ಹೊರಗಿನ ನಂಬರ್ ಬರೆದು ಕೊನೆಗೆ # ಹಾಕಿ, ಇಲ್ಲದಿದ್ದರೆ ಅದನ್ನ ಎಕ್ಸ್‌ಟೆನ್ಷನ್ ಅಂದುಕೊಳ್ಳುತ್ತೆ. ‘ಕನ್ಫರ್ಮ್ ಕಾಲ್ಸ್’ ಆನ್ ಮಾಡಿ, ಮೆಕ್ಯಾನಿಕ್ ಎತ್ತಿ 1 ಒತ್ತಿದರೆ ಮಾತ್ರ ಕರೆ ಅವನದು. ನಿಮಗಿರೋದು ಎರಡೇ ಲೈನು, ನೆನಪಿರಲಿ. ಒಳಗೆ ಬಂದ ಕರೆ ಒಂದು ತಿಂದರೆ ಹೊರಗೆ ಹೋಗುವುದು ಇನ್ನೊಂದು ತಿನ್ನುತ್ತೆ. ಆ ಹೊತ್ತಿಗೆ ಮೂರನೆಯವನಿಗೆ ಎಂಗೇಜ್.

ಹಿರಿಯೂರು ಪಂಪ್ · ಶುಕ್ರವಾರ, ಮಧ್ಯಾಹ್ನ 1.10

ಮೂರನೆಯವನು ಕಾಯ್ತಾನೆ ಬಿಡಿ, ಈವರೆಗೆ ಯಾರಿಗೂ ಸಿಗ್ತಿರಲಿಲ್ಲ. ರಾತ್ರಿ ಗ್ರೂಪ್ 19.00ರಿಂದ 09.00 ಅಂತ ಒಂದೇ ಸಾಲಿನಲ್ಲಿ ಹಾಕಬಹುದಾ? ಸೋಮವಾರದಿಂದ ಶನಿವಾರ.

ಡಯಲ್‌ಟೋನ್ · ಶುಕ್ರವಾರ, ಮಧ್ಯಾಹ್ನ 1.35

ಹಾಕಬಹುದು, ಮಧ್ಯರಾತ್ರಿ ದಾಟೋ ವೇಳೆಯನ್ನ ಅದು ಒಪ್ಪುತ್ತೆ. ಆದರೆ ವಾರದ ಲೆಕ್ಕ ಆ ಕ್ಷಣದ ವಾರದ್ದು. ಶನಿವಾರ ರಾತ್ರಿ 11ಕ್ಕೆ ಹೊಂದುತ್ತೆ. ಒಂದು ಗಂಟೆ ಕಳೆದು 12 ಹೊಡೀತು ಅಂದ್ರೆ ಅದಕ್ಕೆ ಭಾನುವಾರ, ಹೊಂದಲ್ಲ. ರೈತನಿಗೆ ಅದು ಇನ್ನೂ ಶನಿವಾರ ರಾತ್ರಿಯೇ. ವಾರ ಖಾಲಿ ಬಿಟ್ಟುಬಿಡಿ, ಇಲ್ಲವೇ ಭಾನುವಾರ 00.00ರಿಂದ 08.59 ಅಂತ ಇನ್ನೊಂದು ಸಾಲು ಸೇರಿಸಿ.

08.59 ಅಂತ ಯಾಕೆ ಬರೆದೆ ಅಂದ್ರೆ, ಕೊನೆಯ ನಿಮಿಷವೂ ಲೆಕ್ಕಕ್ಕೆ ಸೇರುತ್ತೆ. 09.00 ಅಂತ ಕೊಟ್ಟರೆ 9 ಗಂಟೆ 0 ನಿಮಿಷ 59 ಸೆಕೆಂಡಿನವರೆಗೂ ರಾತ್ರಿ. ನಿಮ್ಮ ಮೊದಲ ಪಟ್ಟಿಯಲ್ಲಿ 12 ಗಂಟೆ ಎರಡು ಗ್ರೂಪಿನಲ್ಲೂ ಇದೆ, ಸರಪಳಿಯಲ್ಲಿ ಯಾವುದು ಮುಂದಿದೆಯೋ ಅದು ಗೆಲ್ಲುತ್ತೆ. ಒಂದು ನಿಮಿಷಕ್ಕೆ ಏನಾಗುತ್ತೆ ಅನ್ನಬೇಡಿ. ಬಾಗಿಲು ತೆಗೆಯೋದನ್ನೇ ಕಾದು ಸರಿಯಾಗಿ 9ಕ್ಕೆ ಒತ್ತೋರು ಇದ್ದೇ ಇರ್ತಾರೆ.

ಮಲ್ಲಿಗೆ ಗಿಡ · ಶುಕ್ರವಾರ, ಮಧ್ಯಾಹ್ನ 3.00

ಸ್ವಾಗತದ ಉದ್ದದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಹಿಂದಿನ ಕಾರ್ಯದರ್ಶಿ ಬರೆಸಿದ್ದರಲ್ಲಿ ಸ್ಥಾಪನೆಯಾದ ವರ್ಷ, ಠೇವಣಿಯ ಮೊತ್ತ, ಅಧ್ಯಕ್ಷರ ಹೆಸರು ಎಲ್ಲಾ ಇತ್ತು. ರಿಂಗ್ ಆಗಲು ಶುರುವಾಗುವಷ್ಟರಲ್ಲಿ 38 ಸೆಕೆಂಡು. ಪ್ರತಿದಿನ ಫೋನ್ ಮಾಡುವ ಪಿಗ್ಮಿ ಏಜೆಂಟರಿಗೆ ಅದು ಬಾಯಿಪಾಠ ಆಗಿತ್ತು, ಜೊತೆಗೇ ಹೇಳುತ್ತಿದ್ದರು. ಈಗ ಐದು ಸೆಕೆಂಡಿಗೆ ಇಳಿಸಿದ್ದೇನೆ. ‘ಸಾಲಕ್ಕೆ ಒಂದು ಒತ್ತಿ’ ಅಂತ ಮೊದಲು ವಿಷಯ, ಆಮೇಲೆ ಅಂಕಿ. ‘ಒಂದನ್ನು ಒತ್ತಿರಿ, ಸಾಲದ ವಿಚಾರಕ್ಕಾಗಿ’ ಅಂತ ಇದ್ದಾಗ ಜನ ವಿಷಯ ಕೇಳುವ ಹೊತ್ತಿಗೆ ಅಂಕಿ ಮರೆತಿರುತ್ತಿದ್ದರು.

ಹಿರಿಯೂರು ಪಂಪ್ · ಮುಂದಿನ ಗುರುವಾರ, ರಾತ್ರಿ 9.45

ವರದಿ ಒಪ್ಪಿಸ್ತೀನಿ. ಯುಪಿಎಸ್‌ಗೆ ಬ್ಯಾಟರಿ ಬಂತು, ಗಡಿಯಾರದ ಮಾಡ್ಯೂಲೂ ಬಂತು. ಪ್ಲಗ್ ಕಿತ್ತು ಒಂದು ಗಂಟೆ ಬಿಟ್ಟು ಹಾಕಿದೆ, ಇಂಟರ್ನೆಟ್ ವೈರೂ ತೆಗೆದೇ ಇಟ್ಟಿದ್ದೆ, ಟೈಮ್ ಸರಿ.

ತಂಗಿಗೆ ಮತ್ತೆ ಕಾಡಿಸಿ ರೆಕಾರ್ಡ್ ಮಾಡಿಸಿದೆ, ಈ ಸಲ *77ರಲ್ಲಿ. ‘ನಮಸ್ಕಾರ, ಪಂಪ್ ಸರ್ವಿಸ್’ ಎಲ್ಲದಕ್ಕೂ ಒಂದೇ. ಹಗಲು: ‘ತಾಳಿ, ಮಾತಾಡ್ತೀವಿ’. ಒಂದರಿಂದ ಎರಡು: ‘ಊಟಕ್ಕೆ ಕೂತಿದ್ದೀವಿ, ಎರಡಕ್ಕೆ ಸಿಗ್ತೀವಿ’. ಊಟದ ವಿಷಯ ಕೇಳಿ ಯಾರೂ ಬೇಜಾರು ಮಾಡ್ಕೊಂಡಿಲ್ಲ, ಎರಡಕ್ಕೆ ಮತ್ತೆ ಮಾಡಿ ‘ಆಯ್ತಾ ಊಟ?’ ಅಂತಲೇ ಶುರು ಮಾಡ್ತಾರೆ. ರಾತ್ರಿ ಪಾಳಿ: ‘ಮೋಟಾರ್ ಟ್ರಿಪ್ ಆಗ್ತಿದ್ರೆ ಒಂದು ಒತ್ತಿ, ಮೆಕ್ಯಾನಿಕ್ ಸಿಗ್ತಾರೆ. ಬೇರೆ ಕೆಲಸಕ್ಕೆ ನಿಮ್ಮ ಊರು, ಹೆಸರು ಹೇಳಿ’. ಈ ವಾರ ರಾತ್ರಿ ಪಾಳಿ, ದೀಪ ಕೆಂಪಗಿದೆ.

ಮೂರು ರಾತ್ರಿಗೆ ಒಂಬತ್ತು ಕರೆ ಮೆಕ್ಯಾನಿಕ್‌ಗೆ ಹೋಗಿದೆ. ಅದರಲ್ಲಿ ಐದಕ್ಕೆ ಫೋನಿನಲ್ಲೇ ಪರಿಹಾರ ಆಯ್ತಂತೆ, ಒಂದು ಫೇಸ್ ಬಂದಿರಲಿಲ್ಲ ಅಷ್ಟೇ. ಹುಡುಗ ನಿದ್ದೆ ಹಾಳಾಯ್ತು ಅಂತ ಗೊಣಗ್ತಾನೆ, ರಾತ್ರಿ ಭತ್ಯೆ ಮಾತಾಡಬೇಕು.

ವಾಯ್ಸ್‌ಮೇಲ್ ಹನ್ನೊಂದು. ಏಳು ಖಾಲಿ, ಬೀಪ್ ಕೇಳಿ ಇಟ್ಟುಬಿಟ್ಟಿದ್ದಾರೆ. ಮೂರರಲ್ಲಿ ಊರು, ಹೆಸರು ಇದೆ. ಉಳಿದ ಒಂದರಲ್ಲಿ ವಯಸ್ಸಾದ ದನಿ, ‘ನಮಸ್ಕಾರ ಕಣಮ್ಮ’ ಅಂತಾರೆ, ಸುಮ್ಮನಾಗ್ತಾರೆ. ಹಿಂದೆ ನೀರು ಬೀಳೋ ಸದ್ದು. ಸ್ವಲ್ಪ ಹೊತ್ತು ಬಿಟ್ಟು ‘ಹೇಳಮ್ಮ’ ಅಂತಾರೆ.

ಹಳೇ ಆಪರೇಟರ್ · ಗುರುವಾರ, ರಾತ್ರಿ 10.02

ನೀರು ಬೀಳ್ತಿತ್ತಾ? ಹಾಗಾದರೆ ಮೋಟಾರ್ ಓಡ್ತಿದೆ. ಬೇರೆ ಏನೋ ಇರಬೇಕು. ನಂಬರ್ ಇದೆಯಲ್ಲ, ಬೆಳಗ್ಗೆ ಮಾಡಿ ಕೇಳಿ.